ಅಂಗಡಿಗೆ ಹೋದ ರಿಕಾಪು

ಆನ್ಯಾ ಒಂಟಿ ಕಾಲಲ್ಲಿ ನಿಂತಿದ್ದಳು. ಇನ್ನೊಂದು ಕಾಲಿನ ಗಂಬೂಟು ಗೇಟಿನ ಬಳಿಯ ಕೆಸರಲ್ಲಿ ಹೂತುಹೋಗಿತ್ತು. ಕಾಲು ಮಾತ್ರ ಆಚೆ ಬಂದಿತ್ತು, ತೂತು ಬಿದ್ದ ಕಾಲುಚೀಲದ ಸಮೇತ.

"ಕೊಕ್ಕರೆ! ಕೊಕ್ಕರೆ!" ಎಂದು ಕಿಲಿಯನ್ ಲಾಯದ ಬಾಗಿಲಿನಿಂದ ಕೂಗಿದ. ಅವನು ಅವಳ ಚಿಕ್ಕಪ್ಪನ ಮಗ. ಅವಳಿಗಿಂತ ಒಂದೇ ವರ್ಷ ದೊಡ್ಡವನು, ಆದರೆ ಊರಿಗೇ ಹಿರಿಯನ ಹಾಗೆ ಆಡುತ್ತಿದ್ದ.

"ನಗ್ಬೇಡ್ವೋ! ಬಂದು ಎಳಿ!"

"ಮೀನು ಸಿಕ್ರೆ ಹೇಳು, ಬರ್ತೀನಿ."

ಕೊನೆಗೆ ಬಂದವರು ಪೆಗ್. ಆ ಲಾಯ, ಅದರ ಕುದುರೆಗಳು, ಆ ಕೆಸರು ಎಲ್ಲದರ ಒಡತಿ. ಎಡಗಾಲನ್ನು ಎಳೆದುಕೊಂಡು ನಿಧಾನವಾಗಿ ಬಂದು, ಗಂಬೂಟನ್ನು ಮೂಲಂಗಿ ಕಿತ್ತ ಹಾಗೆ ಕಿತ್ತು ಅವಳ ಕೈಗೆ ಕೊಟ್ಟರು. ಅದರೊಳಗೆ ಕೆಸರು ನೀರು ತುಂಬಿತ್ತು. ಆನ್ಯಾಳ ಕಾಲ್ಬೆರಳುಗಳು ಚಳಿಗೆ ಆಗಲೇ ನೀಲಿಗಟ್ಟಿದ್ದವು.

"ಪೆಗ್, ನಿಮ್ಮ ಕಾಲಿಗೆ ಏನಾಯ್ತು?" ಆನ್ಯಾ ಕೇಳಿದಳು. ಈ ಪ್ರಶ್ನೆಯನ್ನು ಅವಳು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

"ಹೆಬ್ಬಾತು ಕಚ್ಚಿತು."

"ಹೋದ್ವಾರ ಪಾದ್ರಿಗಳ ಜೊತೆ ಕುಣಿಯೋವಾಗ ಬಿದ್ದೆ ಅಂದ್ರಿ!"

"ಬಿದ್ದೆ. ಬಿದ್ದಾಗ ಹೆಬ್ಬಾತು ಕಚ್ಚಿತು." ಪೆಗ್ ಮುಖದಲ್ಲಿ ನಗು ಇರಲಿಲ್ಲ. "ಈ ಗಂಬೂಟಲ್ಲಿ ಲದ್ದಿ ಎತ್ತು, ಹುಲ್ಲು ಹಾಕು, ಏನಾದ್ರೂ ಮಾಡು. ಕುದುರೆ ಹತ್ತೋದು ಮಾತ್ರ ಬೇಡ."

"ಯಾಕೆ?"

"ಜೀನಿನ ಪಕ್ಕ ಕಾಲಿಡೋ ರಿಕಾಪಲ್ಲಿ ಸಿಕ್ಕೊಳ್ಳುತ್ತೆ."

"ಸಿಕ್ಕೊಂಡ್ರೆ ಬಿಡಿಸ್ಕೊಂಡ್ರಾಯ್ತಲ್ಲ?"

ಪೆಗ್ ಕೈಯ ಕೆಸರು ಒರೆಸಿಕೊಂಡರು. "ನನ್ನ ಅಂಗಳ, ನನ್ನ ಮಾತು" ಎಂದು ಹೇಳಿ ಹೊರಟುಹೋದರು.

ಕ್ರಿಸ್‌ಮಸ್ಸಿನ ಮರುದಿನ ಲಾಯದ ಮಕ್ಕಳೆಲ್ಲ ಸಮುದ್ರದಂಡೆಯಲ್ಲಿ ಸವಾರಿ ಹೋಗುತ್ತಾರೆ. ನೀರು ಹಿಂದೆ ಸರಿದ ಹೊತ್ತಿನಲ್ಲಿ, ಒದ್ದೆ ಮರಳ ಮೇಲೆ, ಬಾಲ ಹಾರಿಸುತ್ತಾ ಕುದುರೆಗಳು ಓಡುತ್ತವೆ. ಹೋದ ವರ್ಷ ಆನ್ಯಾ ಕಲ್ಲುಗೋಡೆಯ ಮೇಲೆ ಕುಳಿತು ಎಲ್ಲರ ಕೋಟು ಕಾಯ್ದಿದ್ದಳು. ಗಂಬೂಟು ಬಿಟ್ಟರೆ ಬೇರೆ ಬೂಟು ಅವಳಲ್ಲಿರಲಿಲ್ಲ. ಅವಳ ಪ್ರೀತಿಯ ಬಟನ್, ಬೂದು ಬಣ್ಣದ ಗಿಡ್ಡ ಕುದುರೆ, ಬೇರೆ ಹುಡುಗಿಯನ್ನು ಹೊತ್ತು ಅವಳ ಕಣ್ಣೆದುರೇ ಓಡಿದ್ದ.

ಈ ಸಲ ಅಜ್ಜ ಬೂಟು ಕೊಡಿಸುವ ಮಾತು ಕೊಟ್ಟಿದ್ದರು. ಆದರೆ ಒಂದೇ ಜೊತೆ. ಲದ್ದಿ ಎತ್ತುವುದಕ್ಕೂ ಅದೇ, ಸವಾರಿಗೂ ಅದೇ. ಪೆಗ್ ನೋಡಿ ಬೇಡ ಎಂದರೆ ಮತ್ತೆ ಗೋಡೆಯೇ ಗತಿ.

ಆನ್ಯಾ ಯೋಚಿಸಿ ಯೋಚಿಸಿ ಪೆಗ್ ಬಳಿ ಹೋದಳು.

"ಬಟನ್‌ನ ಒಂದು ರಿಕಾಪು ಶನಿವಾರಕ್ಕೆ ಕೊಡ್ತೀರಾ?"

"ಯಾಕೆ?" ಈ ಸಲ ಆ ಪ್ರಶ್ನೆ ಪೆಗ್ ಬಾಯಿಂದ ಬಂತು.

"ಅಂಗಡೀಲಿ ಬೂಟಿಗೆ ಹಾಕಿ ನೋಡ್ತೀನಿ."

ಪೆಗ್ ಜೀನಿನಿಂದ ಕಬ್ಬಿಣದ ಬಳೆಯಂಥ ರಿಕಾಪನ್ನು ಬಿಚ್ಚಿ, ತಮ್ಮ ಸ್ವೆಟರಿಗೆ ಒರೆಸಿ, ಅವಳ ಕೈಗಿಟ್ಟರು. "ಬೂಟಿನ ಆಚೆಗೊಂದು ಈಚೆಗೊಂದು ಬೆರಳು ಹಿಡಿಸ್ಬೇಕು. ಹಿಂದೆ ಸ್ವಲ್ಪ ಹೀಲು ಇರ್ಬೇಕು. ಕಳೆದ್ರೆ ನಿನಗೆ ಇದೆ ನೋಡು."

ಶನಿವಾರ ಪೇಟೆಯ ಅಂಗಡಿಯಲ್ಲಿ ಸಲಿಕೆ, ನಾಯಿ ತಿಂಡಿಯ ಮೂಟೆ, ಹಾಲು ಕರೆಯುವ ಬಕೆಟ್ಟುಗಳ ನಡುವೆ ಬೂಟುಗಳ ಸಾಲಿತ್ತು. ಆನ್ಯಾಳ ಕಣ್ಣು ನೇರವಾಗಿ ಒಂದರ ಮೇಲೆ ಹೋಗಿ ಕುಳಿತಿತು. ನೇರಳೆ ಬಣ್ಣ. ದುಂಡು ಮೂತಿ. ಒಳಗೆಲ್ಲ ಮೊಲದ ಹೊಟ್ಟೆಯಂಥ ಬಿಳಿ ತುಪ್ಪಳ.

"ಅಜ್ಜಾ! ಬಿಸಿ ಬನ್ ಒಳಗೆ ಕಾಲಿಟ್ಟ ಹಾಗಿದೆ!"

"ಹಾಗಾದ್ರೆ ಬೆಣ್ಣೆ ಹಚ್ಚಿಸ್ಲಾ?" ಎಂದರು ಅಜ್ಜ.

ಅಂಗಡಿಯ ಮಿಸೆಸ್ ಗಿಲ್ರಾಯ್ ನಕ್ಕರು. "ನೀರೂ ಒಳಗೆ ಬರಲ್ಲಮ್ಮ, ಗ್ಯಾರಂಟಿ."

"ನೋಡೋಣ. ಒಂದು ಬಕೆಟ್ ನೀರು ಕೊಡ್ತೀರಾ?"

"ಏನು?"

"ನೀರು. ನಿಂತು ನೋಡ್ತೀನಿ."

"ಇವಳು ಹೀಗೇ" ಎಂದರು ಅಜ್ಜ, ಅರ್ಧ ನಾಚಿಕೆಯಿಂದ, ಅರ್ಧ ಹೆಮ್ಮೆಯಿಂದ. ಮಿಸೆಸ್ ಗಿಲ್ರಾಯ್ ಗೊಣಗುತ್ತಲೇ ನೆಲ ಒರೆಸುವ ಬಕೆಟ್ಟಿನಲ್ಲಿ ನೀರು ತಂದರು. ಆನ್ಯಾ ಅದರಲ್ಲಿ ನಿಂತಳು. ಕಾಲುಚೀಲ ಒದ್ದೆಯಾಗಲಿಲ್ಲ. ಅವಳ ಮನಸ್ಸು ಆಗಲೇ ಸಮುದ್ರದಂಡೆ ಸೇರಿತ್ತು.

ಆಮೇಲೆ ಅವಳು ಸ್ಟೂಲಿನ ಮೇಲೆ ಕುಳಿತು, ಚೀಲದಿಂದ ರಿಕಾಪು ತೆಗೆದು ಬೂಟಿಗೆ ಸೇರಿಸಿದಳು. ಬಿಗಿಯಾಯಿತು. ಇನ್ನೂ ಸ್ವಲ್ಪ ಒತ್ತಿದಳು. ಪಕ್ಕದಲ್ಲಿ ಬೆರಳಿಗಿರಲಿ, ಕೂದಲೆಳೆಗೂ ಜಾಗ ಇರಲಿಲ್ಲ.

"ಹೋಯ್ತಲ್ಲ!" ಎಂದಳು. ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೇನೆ ಎಂದು ಅವಳಿಗೂ ಗೊತ್ತಿತ್ತು.

ಹೋದದ್ದು ಹೋಯಿತು, ವಾಪಸ್ ಬರಲಿಲ್ಲ. ಕಾಲು ತಿರುಗಿಸಿದಳು, ಒದ್ದಳು, ಎಳೆದಳು. ಅಜ್ಜ ಹಿಂದಿನಿಂದ ಅವಳ ಕಂಕುಳಿಗೆ ಕೈಹಾಕಿ ಹಿಡಿದರು. ಮಿಸೆಸ್ ಗಿಲ್ರಾಯ್ ಮುಂದಿನಿಂದ ರಿಕಾಪು ಎಳೆದರು.

"ಹೆರಿಗೇಲಿ ಕರು ಎಳೆಯೋ ಹಗ್ಗ ವ್ಯಾನಲ್ಲಿದೆ, ತರ್ಲಾ?" ಎಂದು ಹಿಂದೆ ನಿಂತಿದ್ದ ರೈತರೊಬ್ಬರು ಕೇಳಿದರು. ಅಂಗಡಿಯೆಲ್ಲ ನಕ್ಕಿತು. ಆನ್ಯಾ ಕೂಡ ನಕ್ಕಳು.

ಅಷ್ಟರಲ್ಲಿ ಅಜ್ಜನ ಕೈ ಜಾರಿತು. ಮಿಸೆಸ್ ಗಿಲ್ರಾಯ್ ಜೋರಾಗಿ ಎಳೆದರು. ಸ್ಟೂಲು ಉರುಳಿತು. ಆನ್ಯಾ ನೆಲಕ್ಕೆ ಬಿದ್ದು, ಮೇಲೆತ್ತಿದ ಒಂದು ಕಾಲಿನ ಹಿಂದೆ ಸರ್‍ರನೆ ಜಾರಿಕೊಂಡು ಹೋದಳು. ಕೈಗೆ ಹಿಡಿಯಲು ಏನೂ ಸಿಗಲಿಲ್ಲ. ತಲೆ ನಾಯಿ ತಿಂಡಿಯ ಮೂಟೆಗೆ ತಾಗಿತು.

"ನಿಲ್ಸಿ!" ಎಂದು ಚೀರಿದಳು.

ಮಿಸೆಸ್ ಗಿಲ್ರಾಯ್ ತಕ್ಷಣ ನಿಲ್ಲಿಸಿದರು. "ಅಯ್ಯೋ, ಪೆಟ್ಟಾಯ್ತಾ ಕಂದಾ?"

ಪೆಟ್ಟೇನೂ ಆಗಿರಲಿಲ್ಲ. ಆದರೆ ಆನ್ಯಾಳ ನಗು ನಿಂತುಹೋಗಿತ್ತು. ಅವಳು ನೆಲದ ಮೇಲೆ ಮಲಗಿಕೊಂಡೇ, ಮೇಲೆ ಸಿಕ್ಕಿಕೊಂಡಿದ್ದ ತನ್ನ ಕಾಲನ್ನು ನೋಡಿದಳು. ಇಲ್ಲಿ ನೆಲ ನುಣ್ಣಗಿತ್ತು. ತಲೆಗೆ ತಾಗಿದ್ದು ಮೂಟೆ, ಕಲ್ಲಲ್ಲ. ಎಳೆದವರು ಮಿಸೆಸ್ ಗಿಲ್ರಾಯ್. ಹೋದ ತಿಂಗಳು ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ ಕಂಡು ಬೆದರಿದ ಬಟನ್ ಹೊಲ ದಾಟಿ ಓಡಿದ್ದ. ಎಲ್ಲರೂ 'ನಿಲ್ಲು, ನಿಲ್ಲು' ಎಂದು ಕೂಗಿದ್ದರು. ಅವನು ನಿಂತಿರಲಿಲ್ಲ.

ಕೊನೆಗೆ ಬೂಟಿನ ಜಿಪ್ ಬಿಚ್ಚಿ ಕಾಲನ್ನು ಹೊರಗೆ ತೆಗೆದರು, ಖಾಲಿ ಬೂಟನ್ನು ಅಮುಕಿ ರಿಕಾಪನ್ನೂ ಬಿಡಿಸಿದರು. ನೇರಳೆ ಬೂಟನ್ನು ಆನ್ಯಾಳೇ ಒರೆಸಿ ಸಾಲಿನಲ್ಲಿಟ್ಟಳು. ಆಮೇಲೆ ಒಂದೊಂದೇ ಬೂಟಿಗೆ ರಿಕಾಪು ಹಾಕಿ ನೋಡುತ್ತಾ ಹೋದಳು. ಎರಡೂ ಪಕ್ಕ ಬೆರಳಿಗೆ ಜಾಗ ಉಳಿಸಿದ್ದು ಮೂಲೆಯಲ್ಲಿದ್ದ ಕಂದು ಬೂಟು. ಮೂತಿ ಸಣ್ಣದು, ಹಿಂದೆ ಗಿಡ್ಡ ಹೀಲು, ಒಳಗೆ ತೆಳ್ಳಗೆ ಉಣ್ಣೆ. ನೋಡಲು ಬೇಯಿಸಿದ ಆಲೂಗೆಡ್ಡೆಯ ಹಾಗೆ ಸಪ್ಪೆ.

ಒಂದರ ಮೇಲೊಂದು ಎರಡು ಕಾಲುಚೀಲ ಹಾಕಿದಾಗ ಕಾಲ್ಬೆರಳು ಅಲುಗಲಿಲ್ಲ, ಜೋಮು ಹಿಡಿಯಿತು. ಒಂದನ್ನು ಬಿಚ್ಚಿದಳು. ಬೆರಳು ಆಡಿದವು. ಬಕೆಟ್ಟಿನ ತಣ್ಣೀರಲ್ಲಿ ಮತ್ತೆ ಅಷ್ಟು ಹೊತ್ತು ನಿಂತರೂ ಬೆಚ್ಚಗೇ ಇದ್ದವು. 'ಅರೆ, ಒಂದು ತೆಗೆದರೆ ಜಾಸ್ತಿ ಬೆಚ್ಚಗೆ! ಇದು ಹೇಗೆ?' ಎಂದು ಅವಳಿಗೆ ಬೆರಗಾಯಿತು.

"ಇದೇನಾ?" ಅಜ್ಜ ಮೆಲ್ಲಗೆ ಕೇಳಿದರು. "ಮನಸ್ಸು ಎಲ್ಲಿದೆ?"

"ಮನಸ್ಸು ಆ ನೇರಳೇಲೇ ಇದೆ, ಅಜ್ಜಾ. ಕಾಲು ಇದ್ರಲ್ಲಿ ಇರ್ಲಿ."

ಮರುದಿನ ಕಿಲಿಯನ್ ಲಾಯದ ಬಾಗಿಲಲ್ಲೇ ಕಾದಿದ್ದ. "ಅಯ್ಯೋ, ಅಜ್ಜನ ಬೂಟು ಕದ್ಕೊಂಡು ಬಂದ್ಯಾ?"

ಆನ್ಯಾ ಗೇಟಿನ ಬಳಿಯ ಕೆಸರಿನೊಳಕ್ಕೆ ಇಳಿದಳು. ಪಚಕ್ ಎಂದಿತು. ಕಾಲೆತ್ತಿದಳು. ಬೂಟೂ ಜೊತೆಗೇ ಬಂತು.

ಪೆಗ್ ಅವಳನ್ನು ಬಟನ್ ಮೇಲೆ ಕೂರಿಸಿದರು. ರಿಕಾಪಿನಲ್ಲಿದ್ದ ಬೂಟಿನ ಎರಡೂ ಪಕ್ಕಕ್ಕೆ ಬೆರಳು ತೂರಿಸಿ ನೋಡಿದರು.

"ತೆಗಿ."

ಕಾಲು ಸಲೀಸಾಗಿ ಹೊರಬಂತು.

"ಹಾಕು. ತೆಗಿ. ಇನ್ನೊಂದ್ಸಲ ಹಾಕು. ತೆಗಿ."

ಸಾಕು ಎನ್ನಿಸಿದ ಮೇಲೂ ಪೆಗ್ ಬಿಡಲಿಲ್ಲ. ಅವರ ಮುಖ ಆಟದ ಮುಖವಾಗಿರಲಿಲ್ಲ. ಆನ್ಯಾ ಮೇಲಿನಿಂದ ಅವರ ಕೈ ನೋಡಿದಳು, ಆಮೇಲೆ ಓರೆಯಾಗಿ ಊರಿದ್ದ ಅವರ ಎಡಗಾಲು ನೋಡಿದಳು. ಅಂಗಡಿಯ ನೆಲ, ಮೇಲೆ ಸಿಕ್ಕಿಕೊಂಡ ಕಾಲು, ಕೈಗೆ ಏನೂ ಸಿಗದಿದ್ದದ್ದು ನೆನಪಾಯಿತು. ಈ ಕಾಲನ್ನು ಕಚ್ಚಿದ್ದು ಹೆಬ್ಬಾತಲ್ಲ ಎಂದು ಅವಳಿಗೆ ಹೊಳೆಯಿತು.

"ಸರಿ, ಸಮುದ್ರದಂಡೆ ಸವಾರಿಗೆ ಬಾ" ಎಂದರು ಪೆಗ್ ಕೊನೆಗೆ. "ಏನಿದು, ಇವತ್ತು ನನ್ನ ಕಾಲಿನ ವಿಚಾರಣೆ ಇಲ್ವಾ? ಒಳ್ಳೇ ಉತ್ತರ ಮಾಡಿಟ್ಕೊಂಡಿದ್ದೆ."

"ಇವತ್ತು ಬೇಡ" ಎಂದಳು ಆನ್ಯಾ.

ಪೆಗ್ ಅವಳನ್ನು ದಿಟ್ಟಿಸಿದರು. ಬಟನ್‌ನ ಕತ್ತು ತಟ್ಟಿ ಗೇಟು ತೆರೆಯಲು ಹೊರಟರು, ಎಡಗಾಲು ಎಳೆದುಕೊಂಡು.

ಹೊಲ ಕಂಡ ಬಟನ್‌ಗೆ ಓಡುವ ಆತುರ. ಆನ್ಯಾ ಲಗಾಮು ಹಿಡಿದು ಅವನನ್ನು ತಡೆದಳು. ಗೇಟಿನವರೆಗೂ ಪೆಗ್ ಪಕ್ಕದಲ್ಲೇ, ಅವರ ನಡಿಗೆಯಷ್ಟೇ ನಿಧಾನವಾಗಿ ಹೋದಳು.