ಎರಡನೇ ವ್ಯಕ್ತಿ

ಬಾಗಿಲು ತೆರೆದವನ ಕಣ್ಣುಗಳು ಕೆಂಪಗಿದ್ದವು. ಮಧ್ಯಾಹ್ನ ಎರಡು ಗಂಟೆಗೆ ಸಿಡುಕಿನ ಮುಖ ಹೊತ್ತು, ಮುದುಡಿದ ಅಂಗಿಯಲ್ಲಿ ನಿಂತಿದ್ದ ಆ ಗಂಡಸು ಡರ್ವ್ಲಾಳ ಕೊರಳಿನ ಗುರುತು ಚೀಟಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ.

“ಈ ವಾರದಲ್ಲಿ ಮೂರನೇ ಸಲ ಎಬ್ಬಿಸ್ತಿದೀರಿ. ಮನುಷ್ಯರು ಎದ್ದಿರೋ ಹೊತ್ತಿಗೆ ಬರೋಕೆ ಆಗಲ್ವಾ ನಿಮಗೆ?”

ಡರ್ವ್ಲಾಳ ಅಂಗಾಲು ಬೆಳಗಿನಿಂದ ಉರಿಯುತ್ತಿತ್ತು. ಹೆಗಲ ಮೇಲಿನ ಜನಗಣತಿಯ ಚೀಲ ಕಲ್ಲಿನಂತೆ ಜಗ್ಗುತ್ತಿತ್ತು. ಬೇರೆ ದಿನವಾಗಿದ್ದರೆ ಕ್ಷಮೆ ಕೇಳಿ ಹೊರಟುಬಿಡುತ್ತಿದ್ದಳೇನೋ.

“ಮನುಷ್ಯರು ಎದ್ದಿರೋ ಹೊತ್ತು ಇದೇ ಅಂತ ನಾನು ಅಂದ್ಕೊಂಡಿದ್ದೆ,” ಎಂದಳು. “ಸಂಜೆ ಎರಡು ಸಲ ಬಂದೆ, ಮನೆ ಕತ್ತಲು. ಈ ಊರಲ್ಲಿ ಹಗಲು ಯಾರೂ ಇರಲ್ಲ, ರಾತ್ರಿ ನೀವಿರಲ್ಲ. ನಾನು ಯಾವಾಗ ಬರಬೇಕು, ನೀವೇ ಹೇಳಿಬಿಡಿ.”

ಅವನ ಮುಖದ ಬಿಗಿ ಸಡಿಲವಾಯಿತು.

“ನೀವೂ ನನ್ನಷ್ಟೇ ಸುಸ್ತಾಗಿದೀರಿ,” ಎಂದು ಕೈ ಚಾಚಿದ. “ಕೊಡಿ ನಿಮ್ಮ ಫಾರಂ.”

ಅವನ ಹೆಸರು ಫಿಂಟನ್ ಗರಹಿ. ರೈಲು ಹಳಿ ರಿಪೇರಿ ಮಾಡುವ ತಂಡದಲ್ಲಿ ರಾತ್ರಿ ಪಾಳಿ. ಡಬ್ಲಿನ್‌ಗೆ ಹೋಗುವ ಕೊನೆಯ ರೈಲು ದಾಟಿದ ಮೇಲೆ ಅವನ ಕೆಲಸ ಶುರು. ಬೆಳಗಿನ ಮೊದಲ ರೈಲು ಬರುವ ಮುಂಚೆ ಮುಗಿಯಬೇಕು.

ಬಾಲಿನಾಸ್ಕರ್ ಎಂಬ ಆ ಕಡಲ ಊರಿನ ಅರ್ಧಕ್ಕರ್ಧ ಜನ ಆ ಹಳಿಯ ಮೇಲೆಯೇ ಬದುಕುತ್ತಿದ್ದರು. ಬೆಳಗ್ಗೆ ಆರೂ ನಲವತ್ತರ ರೈಲು ಹತ್ತಿ ಡಬ್ಲಿನ್‌ಗೆ ಹೋದರೆ, ಬರುವಾಗ ಕಡಲು ಕಪ್ಪಾಗಿರುತ್ತಿತ್ತು. ಡರ್ವ್ಲಾ ಹ್ಯಾನ್ಲನ್ ಕೂಡ ಹದಿನಾರು ವರ್ಷ ಹಾಗೇ ಹೋಗಿಬಂದವಳು. ಕಳೆದ ಶರತ್ಕಾಲದಲ್ಲಿ ಅವಳ ಆಫೀಸು ಮುಚ್ಚಿತು. ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಫೆಬ್ರವರಿಯಲ್ಲಿ ಗಣತಿದಾರರು ಬೇಕೆಂದು ಪ್ರಕಟಣೆ ಕಂಡಾಗ ಅರ್ಜಿ ಹಾಕಿದ್ದಳು. ನಲವತ್ತೊಂದು ವಯಸ್ಸಿನಲ್ಲಿ ಮನೆಯಲ್ಲಿ ಒಬ್ಬಳೇ ಕೂತು ಕಡಲು ನೋಡುವುದಕ್ಕಿಂತ ಬಾಗಿಲು ತಟ್ಟುವುದು ಮೇಲು ಅನಿಸಿತ್ತು.

ಮುನ್ನೂರ ತೊಂಬತ್ತು ಬಾಗಿಲು! ಒಂದೊಂದಕ್ಕೂ ನಾಲ್ಕೈದು ಸಲ. ಮೊದಲು ಖಾಲಿ ಫಾರಂ ಕೊಡಬೇಕು, ಗಣತಿಯ ಭಾನುವಾರ ರಾತ್ರಿ ಮನೆಯವರು ಅದನ್ನು ತುಂಬಿದ ಮೇಲೆ ಮತ್ತೆ ಹೋಗಿ ಪಡೆಯಬೇಕು.

ಹಗಲಿನಲ್ಲಿ ಜನ ಸಿಗದೆ ಸೋತು, ಕೊನೆಗೆ ಅವಳೊಂದು ಉಪಾಯ ಹೂಡಿದಳು. ಬೆಳಗ್ಗೆ ಆರಕ್ಕೆ ಸ್ಟೇಷನ್ನಿಗೆ ಹೋಗಿ ನಿಲ್ಲುವುದು. ಹಳೆಯ ಸಹಪ್ರಯಾಣಿಕರು ಬಂದಂತೆ, ಮನೆಯಲ್ಲಿ ಯಾವಾಗ ಸಿಗ್ತೀರಿ ಎಂದು ಕೇಳಿ ಗುರುತು ಹಾಕಿಕೊಳ್ಳುವುದು. ಎರಡನೆಯ ದಿನವೇ ಹಳಿ ತಂಡದ ವ್ಯಾನಿನಿಂದ ಫಿಂಟನ್ ಇಳಿದ. ಮೈತುಂಬ ಗ್ರೀಸು. ಅವಳನ್ನು ಕಂಡವನೇ ಟೀ ಅಂಗಡಿಗೆ ಹೋಗಿ ಎರಡು ಲೋಟ ತಂದ.

“ಎಬ್ಬಿಸಿದ ತಪ್ಪಿಗೆ ದಂಡ ಹಾಕ್ತೀರಾ?” ಎಂದು ಅವಳು ಕೇಳಿದಳು.

“ಬೈದ ತಪ್ಪಿಗೆ ನಾನು ಕಟ್ತಿರೋ ದಂಡ ಇದು,” ಎಂದ.

ಆಮೇಲೆ ಅದು ರೂಢಿಯಾಯಿತು. ರೈಲು ಹೊರಟು ಪ್ಲಾಟ್‌ಫಾರ್ಮ್ ಖಾಲಿಯಾದ ಮೇಲೆ ಇಬ್ಬರೂ ಕಡಲಿಗೆ ಮುಖ ಮಾಡಿದ ಬೆಂಚಿನಲ್ಲಿ ಕೂರುತ್ತಿದ್ದರು. ಹೆಚ್ಚು ಮಾತಿರಲಿಲ್ಲ, ಇಬ್ಬರಿಗೂ ನಿದ್ದೆ ಸಾಲದು. ಅವಳು ಅಪ್ಪನ ಕೊನೆಯ ತಿಂಗಳುಗಳನ್ನು ಹೇಳಿಕೊಂಡಳು. ಅವನು ಹಳಿಯ ಮೇಲೆ ನರಿಗಳು ನಡೆದು ಬರುವುದನ್ನು ಹೇಳಿದ. ‘ನೀವು’ ಎಂಬುದು ಯಾವ ಬೆಳಗ್ಗೆ ‘ನೀನು’ ಆಯಿತೋ ಇಬ್ಬರಿಗೂ ನೆನಪಿಲ್ಲ.

ಒಂದು ದಿನ ಅವನು ಕೇಳಿದ, ಗಣತಿಯ ಭಾನುವಾರ ರಾತ್ರಿ ತಾನು ಎರಡು ಊರುಗಳ ನಡುವೆ ಹಳಿಯ ಮೇಲಿರುತ್ತೇನೆ, ತನ್ನನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ ಎಂದು. ಆ ರಾತ್ರಿ ಯಾರು ಎಲ್ಲಿದ್ದಾರೋ ಅಲ್ಲೇ ಎಣಿಸುವುದು ನಿಯಮ, ಆದರೆ ರಾತ್ರಿ ಕೆಲಸದವರು ಮರುದಿನ ಬೆಳಗ್ಗೆ ಯಾವ ಮನೆಗೆ ಮರಳುತ್ತಾರೋ ಅದೇ ಅವರ ಜಾಗ ಎಂದು ಅವಳು ವಿವರಿಸಿದಳು.

ಗಣತಿಯ ಮರುದಿನ, ಸೋಮವಾರ ಬೆಳಗ್ಗೆ, ವ್ಯಾನಿನಿಂದಿಳಿದು ಬಂದವನು ಟೀ ಕೂಡ ತರದೆ ಅವಳ ಪಕ್ಕ ಕೂತು, ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಇಷ್ಟು ವರ್ಷದ ಮೇಲೆ... ನನಗೂ ಇದು ಇದೆಯಾ?

ಬುಧವಾರ ಮಧ್ಯಾಹ್ನ ತುಂಬಿದ ಫಾರಂಗಳನ್ನು ವಾಪಸು ಪಡೆಯುತ್ತಾ ಅವನ ಬೀದಿಗೆ ಬಂದಳು. ಬೇಕೆಂದೇ ಆ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಕೂದಲು ಸರಿಮಾಡಿಕೊಂಡು ಗಂಟೆ ಒತ್ತಿದಳು.

ಬಾಗಿಲು ತೆರೆದದ್ದು ಒಬ್ಬ ಹೆಂಗಸು.

ಮನೆಯುಡುಪು, ಒದ್ದೆ ಕೈ, ತಲೆಗೆ ಸುತ್ತಿದ ಟವೆಲ್ಲು. “ಗಣತಿಯವರಾ? ಫಿಂಟನ್ ಮಲಗಿದಾನೆ. ನಮ್ಮದು ತುಂಬಿಟ್ಟಿದೀವಿ,” ಎಂದು ಮೇಜಿನ ಮೇಲಿದ್ದ ಫಾರಂ ತಂದುಕೊಟ್ಟಳು. “ಇಬ್ಬರದೂ ಇದೆ.”

ನಮ್ಮದು. ಇಬ್ಬರದು.

ಫಾರಂ ಪೂರ್ತಿಯಾಗಿದೆಯೇ ಎಂದು ಬಾಗಿಲಲ್ಲೇ ನೋಡಿಕೊಳ್ಳಬೇಕು. ಅದುವರೆಗಿನ ಎಲ್ಲ ಮನೆಗಳಲ್ಲಿ ತಪ್ಪದೆ ಹಾಗೆ ಮಾಡಿದ್ದವಳು ಅಲ್ಲಿ ಮಾತ್ರ ಮಾಡಲಿಲ್ಲ. ಥ್ಯಾಂಕ್ಸ್ ಎಂದಳು, ಮಡಚಿ ಚೀಲಕ್ಕೆ ಹಾಕಿದಳು, ಬೀದಿಯ ತಿರುವಿನವರೆಗೂ ನೆಟ್ಟಗೆ ನಡೆದಳು. ತಿರುವಿನಾಚೆ ಯಾರದೋ ಕಾಂಪೌಂಡು ಹಿಡಿದು ನಿಂತುಬಿಟ್ಟಳು.

ಅವಳಿಗೆ ಇದು ಹೊಸದಲ್ಲ. ಏಳು ವರ್ಷದ ಹಿಂದೆ ಆಫೀಸಿನ ಡೆಕ್ಲನ್ ಎಂಬವನು, ತಾನೂ ಹೆಂಡತಿಯೂ ಹೆಸರಿಗಷ್ಟೇ ಒಟ್ಟಿಗಿದ್ದೇವೆ ಎಂದು ಎರಡು ವರ್ಷ ನಂಬಿಸಿದ್ದ. ಆ ಹೆಸರಿಗಷ್ಟೇ ಇದ್ದ ಹೆಂಡತಿಗೆ ಮೂರನೆಯ ಮಗುವಾದ ಸುದ್ದಿಗೆ ಆಫೀಸಿನಲ್ಲಿ ಕೇಕು ಹಂಚಿದ್ದರು. ಒಂದು ತುಂಡು ಅವಳೂ ತಿಂದಿದ್ದಳು.

ಎಷ್ಟು ಸಲ ಒಂದೇ ಹಳ್ಳಕ್ಕೆ ಬೀಳೋದು ನಾನು?

ಮರುದಿನದಿಂದ ಅವಳು ಸ್ಟೇಷನ್ನಿಗೆ ಹೋಗಲಿಲ್ಲ. ಅವನ ಸಂದೇಶಗಳು ಬಂದವು. ಹುಷಾರಿಲ್ಲವೇ ಎಂದು ಮೊದಲು, ಏನಾಯಿತು ಎಂದು ಆಮೇಲೆ. ಅವಳು ಉತ್ತರಿಸಲಿಲ್ಲ.

ಫಾರಂ ಮಾತ್ರ ಚೀಲದಲ್ಲೇ ಇತ್ತು. ಆ ಹೆಂಗಸು ಯಾರು, ಅವನಿಗೆ ಏನಾಗಬೇಕು, ಮದುವೆ ಯಾವಾಗ ಆಯಿತು... ಎಲ್ಲ ಅದರೊಳಗೆ ಅವನ ಕೈಬರಹದಲ್ಲೇ ಇದೆ. ಬಿಡಿಸಿದರೆ ಸಾಕು. ನಾಲ್ಕು ದಿನ ಅಡುಗೆಮನೆಯ ಕುರ್ಚಿಗೆ ನೇತುಹಾಕಿದ ಆ ಚೀಲದ ಎದುರು ಕೂತು ಅವಳು ಊಟ ಮಾಡಿದಳು. ಜನ ತಮ್ಮ ಬದುಕನ್ನು ನಂಬಿ ಕೊಟ್ಟಿದ್ದಾರೆ, ಕೆಲಸಕ್ಕಲ್ಲದೆ ಅದನ್ನು ನೋಡುವುದಿಲ್ಲ ಎಂದು ಪ್ರಮಾಣ ಮಾಡಿದ್ದಳು. ಈಗ ನೋಡಿದರೆ ಅದು ಕೆಲಸಕ್ಕಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಅದನ್ನು ಹಾಗೇ ಮೇಲ್ವಿಚಾರಕ ಟೂಹಿಯ ಮೇಜಿನ ಮೇಲಿಟ್ಟಳು. ಈ ಮನೆಯವರು ತನಗೆ ಪರಿಚಯ, ಇದೊಂದನ್ನು ನೀವೇ ಪರಿಶೀಲಿಸಿ ಎಂದಳು. ಟೂಹಿ ನಿವೃತ್ತ ಮೇಷ್ಟ್ರು, ಪ್ರಶ್ನೆ ಕೇಳುವ ಮನುಷ್ಯನಲ್ಲ. ಶುಕ್ರವಾರ ಅವಳನ್ನು ಕರೆದು, ಫಾರಂ ಒಳಗಿಟ್ಟು ಅಂಟಿಸಿದ ಲಕೋಟೆ ಕೊಟ್ಟ, ಮೇಲೊಂದು ಚೀಟಿ. ಒಂದೇ ಒಂದು ಪ್ರಶ್ನೆ ಖಾಲಿ ಉಳಿದಿದೆಯೆಂದ.

“ನಾನೇ ಹೋಗ್ತಿದ್ದೆ. ಆದ್ರೆ ಈ ಮನೆಗೆ ನೀನೇ ಹೋಗೋದು ಒಳ್ಳೇದು ಅನ್ಸುತ್ತೆ, ಡರ್ವ್ಲಾ. ಯಾಕೆ ಅಂತ ಕೇಳಬೇಡ, ನನಗೂ ಪ್ರಮಾಣ ಇದೆ.”

ಶನಿವಾರ ಸಂಜೆ ನಾಲ್ಕಕ್ಕೆ ಹೋದಳು. ಈ ಸಲ ಫಿಂಟನ್ನೇ ಬಾಗಿಲು ತೆರೆದ. ಅವಳನ್ನು ಕಂಡು ಅವನ ಮುಖ ಅರಳಿತು. ಅವಳ ಬಿಗಿದ ಮುಖ ಕಂಡು ಅದು ಅಲ್ಲೇ ನಿಂತಿತು.

ಅವಳು ಚೀಟಿ ನೋಡಿಕೊಂಡು ಓದಿದಳು. “ಮಿಸ್ಟರ್ ಗರಹಿ, ಒಂದು ಪ್ರಶ್ನೆ ಬಿಟ್ಟುಹೋಗಿದೆ. ಎರಡನೇ ವ್ಯಕ್ತಿ ನಿಮಗೆ ಏನಾಗಬೇಕು?”

“ಡರ್ವ್ಲಾ...”

“ಉತ್ತರ ಹೇಳಿ, ಬರ್ಕೊಂಡು ಹೋಗ್ತೀನಿ.”

ಅವನು ಬಾಗಿಲ ಚೌಕಟ್ಟಿಗೆ ಒರಗಿದ. “ನೀನು ಅದನ್ನ ಓದಿಲ್ವಾ? ಅಷ್ಟು ದಿನ ನಿನ್ನ ಹತ್ರಾನೇ ಇತ್ತು.”

“ನನ್ನ ಸ್ವಂತಕ್ಕೆ ಓದೋಕೆ ನೀವು ಕೊಟ್ಟಿದ್ದಲ್ಲ ಅದು.”

ಅವನು ತಗ್ಗಿದ ದನಿಯಲ್ಲಿ ಹೇಳಿದ. ಆ ಎರಡನೇ ವ್ಯಕ್ತಿ ನೊರೀನ್, ತನ್ನ ಹೆಂಡತಿಯಾಗಿದ್ದವಳು. ಬೇರೆಯಾಗಿ ನಾಲ್ಕು ವರ್ಷ. ಕಾಗದದಲ್ಲಿ ಇನ್ನೂ ವಿಚ್ಛೇದನವಾಗಿಲ್ಲ. ಬಾಡಿಗೆಗೆ ಮನೆ ಹುಡುಕಿ ಹುಡುಕಿ ಇಬ್ಬರೂ ಸೋತರು. ಅವಳು ಮೇಲಿನ ಕೋಣೆ, ತಾನು ಕೆಳಗಿನ ಹಿಂದಿನ ಕೋಣೆ. ರಜೆಯ ದಿನ ಬಿಟ್ಟರೆ ಅವಳು ಹಗಲು ಡಬ್ಲಿನ್ನಿನ ಬಟ್ಟೆ ಅಂಗಡಿಯಲ್ಲಿ, ತಾನು ರಾತ್ರಿ ಹಳಿಯ ಮೇಲೆ. ಗೋಡೆ ಹಂಚಿಕೊಂಡ ಅಕ್ಕಪಕ್ಕದವರ ಹಾಗೆ.

“ಗಂಡ ಅಥವಾ ಹೆಂಡತಿ ಅಂತ ಒಂದು ಚೌಕ ಇತ್ತು. ಅದು ಸುಳ್ಳು. ಸಂಬಂಧವಿಲ್ಲ ಅಂತ ಇನ್ನೊಂದಿತ್ತು. ಹನ್ನೊಂದು ವರ್ಷ ಬಾಳಿದವಳಿಗೆ ಹಾಗೆ ಗುರುತು ಹಾಕೋಕೆ ಕೈ ಬರಲಿಲ್ಲ. ಅವಳು ಹಾಕ್ತಾಳೆ ಅಂತ ನಾನು ಬಿಟ್ಟೆ, ನಾನು ಹಾಕ್ತೀನಿ ಅಂತ ಅವಳು ಬಿಟ್ಟಳು.”

ಡರ್ವ್ಲಾಳಿಗೆ ನಂಬಬೇಕೆನಿಸಿತು. ಆದರೆ ಡೆಕ್ಲನ್ ಕೂಡ ಹೀಗೇ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

“ಯಾಕೆ ಮೊದಲೇ ಹೇಳಲಿಲ್ಲ?”

“ಹೆಂಡತಿ ಜೊತೆ ಒಂದೇ ಮನೇಲಿದೀನಿ, ಆದ್ರೆ ಒಟ್ಟಿಗಿಲ್ಲ. ಈ ಮಾತು ಯಾವ ಗಂಡಸಿನ ಬಾಯಲ್ಲಿ ಬಂದ್ರೂ ಹೇಗೆ ಕೇಳಿಸುತ್ತೆ ಅಂತ ನಿನಗೇ ಗೊತ್ತು. ಆ ಬೆಂಚಿಂದ ನೀನು ಎದ್ದು ಹೋಗಿಬಿಡ್ತೀಯ ಅಂತ ಭಯ ಆಯ್ತು. ಇನ್ನೊಂದು ದಿನ, ಇನ್ನೊಂದು ದಿನ ಅಂತ ಮುಂದೂಡಿದೆ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನೊರೀನ್ ಅರ್ಧಕ್ಕೆ ಇಳಿದು ನಿಂತಳು.

“ಅವನು ಹೇಳಿದ್ದು ನಿಜ ಕಣಮ್ಮಾ,” ಎಂದಳು. “ನನ್ನ ಹಾಲನ್ನ ಟೀಗೆ ಹಾಕ್ಕೊಂಡು, ಡಬ್ಬಕ್ಕೆ ನೀರು ಸೇರಿಸಿಡೋನು ಅನ್ನೋದು ಬಿಟ್ರೆ ಇವನ ಮೇಲೆ ನನಗೆ ದೂರಿಲ್ಲ. ಜೂನಿಗೆ ದ್ರಾಹೆಡಾದಲ್ಲಿ ಅಕ್ಕನ ಮನೆ ಪಕ್ಕ ನನಗೊಂದು ಕೋಣೆ ಸಿಕ್ಕಿದೆ, ಹೊರಟೆ. ಹಳಿ ರಿಪೇರಿಗೆ ಹೋಗೋನು ಒಂದು ತಿಂಗಳಿಂದ ಅಂಗಿ ಇಸ್ತ್ರಿ ಮಾಡ್ತಿದ್ದ. ಯಾರೋ ಇದಾರೆ ಅಂತ ಆಗ್ಲೇ ಗೊತ್ತಾಯ್ತು ನನಗೆ. ಈ ವಾರ ನೋಡು, ಮುದುಡಿದ್ದನ್ನೇ ಹಾಕ್ಕೊಂಡು ಹೋಗ್ತಿದಾನೆ.”

ಅಷ್ಟು ಹೇಳಿ ಅವಳು ಮತ್ತೆ ಮೇಲೆ ಹೋದಳು.

ಡರ್ವ್ಲಾ ಲಕೋಟೆಯನ್ನೂ ಪೆನ್ನನ್ನೂ ಚಾಚಿದಳು. ಕಾನೂನಿನ ಪ್ರಕಾರ ಮೊದಲ ಚೌಕವೇ ಸರಿ, ಬೇರೆಯಾದದ್ದನ್ನು ಬರೆಯಲು ಕೆಳಗೆ ಬೇರೆ ಪ್ರಶ್ನೆ ಇದೆ ಎಂದು ತಿಳಿಸಿದಳು. ಅದನ್ನು ಇಬ್ಬರೂ ಆಗಲೇ ತುಂಬಿದ್ದೇವೆ ಎಂದು ಅವನು ಲಕೋಟೆ ಬಿಚ್ಚಿ, ಫಾರಂ ಗೋಡೆಗೆ ಒತ್ತಿಕೊಂಡು ಗುರುತು ಹಾಕಿದ; ಟೂಹಿ ತನ್ನನ್ನೇ ಯಾಕೆ ಕಳಿಸಿದನೆಂದು ಅವಳಿಗೆ ಆಗ ಹೊಳೆಯಿತು. ಮತ್ತೆ ಅಂಟಿಸಿ ಕೊಟ್ಟ. ಕೊಡುವಾಗ ಅವನ ಕೈ ತಡೆಯಿತು.

“ನಿನ್ನ ಮೇಲೆ ನನಗೆ ಮನಸ್ಸಾಗಿದೆ, ಡರ್ವ್ಲಾ. ಇದನ್ನೂ ಮೊದಲೇ ಹೇಳಬೇಕಿತ್ತು.”

ಅವಳು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು. ತನಗಾಗುತ್ತಿರುವುದು ಸಂತೋಷವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ.

“ನನಗೀಗ ಯೋಚನೆ ಮಾಡೋಕೂ ಶಕ್ತಿ ಇಲ್ಲ, ಫಿಂಟನ್. ಇನ್ನೂ ಇಪ್ಪತ್ತೆರಡು ಮನೆ ಬಾಕಿ ಇದೆ.”

“ಮುಗಿಸ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ.”

ಇಪ್ಪತ್ತೆರಡು ಮನೆ ಮುಗಿಯಲು ಎರಡು ವಾರ ಹಿಡಿಯಿತು. ಆ ಎರಡು ವಾರ ಅವನು ಬಾಗಿಲಿಗೆ ಬರಲಿಲ್ಲ, ಕಾಡಲಿಲ್ಲ. ದಿನಕ್ಕೊಂದು ಸಂದೇಶ ಮಾತ್ರ, ಬೆಳಗ್ಗೆ ಪಾಳಿ ಮುಗಿಸಿ ವ್ಯಾನಿನಿಂದಿಳಿದಾಗ: ‘ಬಂದೆ.’ ಅಷ್ಟೇ. ಡೆಕ್ಲನ್ ಎಂದೂ ಎಲ್ಲಿದ್ದೇನೆಂದು ಹೇಳಿದವನಲ್ಲ. ಅದು ಅವಳಿಗೆ ಹೊಳೆದದ್ದು ಒಂಬತ್ತನೆಯದೋ ಹತ್ತನೆಯದೋ ಸಂದೇಶ ಓದುವಾಗ.

ಮೇ ತಿಂಗಳ ಒಂದು ಶುಕ್ರವಾರ ಕೊನೆಯ ಕಟ್ಟನ್ನು ಟೂಹಿಗೆ ಒಪ್ಪಿಸಿದಳು. ಶನಿವಾರ ಬೆಳಗ್ಗೆ ಮಾಡಲು ಕೆಲಸವೇನೂ ಇರಲಿಲ್ಲ. ಆದರೂ ಐದೂವರೆಗೆ ಎದ್ದು, ಕೋಟು ಹಾಕಿಕೊಂಡು ಸ್ಟೇಷನ್ನಿಗೆ ನಡೆದಳು. ಬೆಂಚಿನಲ್ಲಿ ಕೂತಳು. ಕಡಲ ಮೇಲೆ ಬೆಳಕು ಹರಿಯುತ್ತಿತ್ತು. ಹತ್ತು ವಾರಗಳ ಆಯಾಸವೆಲ್ಲ ಒಟ್ಟಿಗೇ ಮೈಮೇಲೆ ಕವಿಯಿತು. ಎಷ್ಟು ತಡೆದರೂ ಕಣ್ಣು ಮುಚ್ಚಿತು.

ಎಚ್ಚರವಾದಾಗ ಅವಳ ತಲೆ ಒಂದು ಹೆಗಲ ಮೇಲಿತ್ತು. ಗ್ರೀಸಿನ ವಾಸನೆ. ಅವನು ಅಲುಗಾಡದೆ ಕೂತಿದ್ದ.

“ಎಷ್ಟೊತ್ತಾಯ್ತು ನೀನು ಬಂದು?”

“ಎರಡು ರೈಲು ಹೋಯ್ತು.”

“ಎಬ್ಬಿಸೋದಲ್ವಾ?”

“ಮನಸ್ಸು ಬರಲಿಲ್ಲ.”

ಅವಳು ತಲೆ ಎತ್ತಲಿಲ್ಲ. “ಇನ್ನು ಮುಂದೆ ನನ್ನಿಂದ ಏನೂ ಬಚ್ಚಿಡಬೇಡ. ಎಷ್ಟೇ ಕೆಟ್ಟದಾಗಿ ಕೇಳಿಸಲಿ, ಹೇಳಿಬಿಡು. ನಾನು ಎದ್ದು ಹೋಗಲ್ಲ.”

“ಹೇಳ್ತೀನಿ.”

“ಹಾಗಾದ್ರೆ ನಡಿ ಮನೆಗೆ. ಮೊಟ್ಟೆ ಬೇಯಿಸಿ ಕೊಡ್ತೀನಿ. ತಿಂದು ಮಲಗು.”

“ಯಾರ ಮನೆಗೆ?”

“ನನ್ನ ಮನೆಗೆ.”

ಅವನು ಕೇಳಿದ, “ನಾನು ಏಳೋ ಹೊತ್ತಿಗೆ ಮಧ್ಯಾಹ್ನ ಆಗುತ್ತೆ. ಅಲ್ಲೀವರೆಗೂ ನೀನೇನು ಮಾಡ್ತೀಯ?”

“ಏನೂ ಮಾಡಲ್ಲ,” ಎಂದಳು ಡರ್ವ್ಲಾ, ಅವನ ತೋಳಿಗೆ ಕೈ ಸೇರಿಸುತ್ತಾ. “ಪಕ್ಕದಲ್ಲೇ ಕೂತಿರ್ತೀನಿ.”