ಅಜ್ಜಿಯ ಕಿವಿ ಮಿಷನ್

“ನೋಡಮ್ಮ ಇಲ್ಲಿ! ಇದು ಕಡಲೆಬೀಜದಷ್ಟೇ ಇದೆ. ಕಿವಿಯೊಳಗೆ ಹಾಕ್ಕೊಂಡ್ರೆ ಕಾಣಿಸೋದೇ ಇಲ್ಲ!”

ಜಡೆ ಹೆಣೆಯುತ್ತಿದ್ದ ಅಮ್ಮನಿಗೆ ಮರ್ಲಿನ್ ಮೊಬೈಲನ್ನು ಹಿಂದಕ್ಕೆ ತಿರುಗಿಸಿ ತೋರಿಸಿದಳು.

“ತಲೆ ಅಲ್ಲಾಡಿಸ್ಬೇಡ, ಜಡೆ ಸೊಟ್ಟ ಆಗುತ್ತೆ,” ಎಂದರು ಅಮ್ಮ. “ಅಜ್ಜಿಗೆ ಮಿಷನ್ ತಂದಾಯ್ತಲ್ಲ ಕಣೇ. ಇನ್ನೂ ಯಾಕೆ ನೋಡ್ತೀಯಾ?”

ಅದೇ ಮರ್ಲಿನ್‌ಳ ಚಿಂತೆ. ಕಿವಿಯ ಹಿಂದೆ ಸಿಕ್ಕಿಸುವ ದೊಡ್ಡ ಮಿಷನ್ನೇ ಇರಲಿ ಎಂದು ಅಂಗಡಿಯಲ್ಲಿ ಆರಿಸಿದ್ದು ಅವಳೇ. ಮನೆಗೆ ಬಂದ ಕೂಡಲೇ ತಮ್ಮ ಜೋಯಲ್, “ಅಜ್ಜಿ, ಕಿವಿಗೆ ಬ್ಲೂಟೂತ್ ಸಿಕ್ಕಿಸ್ಕೊಂಡಿರೋ ಡೆಲಿವರಿ ಬಾಯ್ ಥರ ಕಾಣ್ತೀರ!” ಎಂದು ನಕ್ಕಿದ್ದ. ಮಾರನೆಯ ದಿನ ಅಜ್ಜಿ ತಲೆಗೆ ಸೆರಗು ಹೊದ್ದು ಚರ್ಚಿಗೆ ಹೋಗಿ ಬಂದವರೇ ಮಿಷನ್ ಬಿಚ್ಚಿ ಡಬ್ಬಿಯಲ್ಲಿಟ್ಟರು.

“ಬರೀ ಪರಪರ ಸದ್ದು ಕಣಮ್ಮ,” ಎಂದಿದ್ದರು.

ಅಜ್ಜಿಗೆ ನಾಚಿಕೆ, ಅದಕ್ಕೇ ನೆಪ ಹೇಳುತ್ತಿದ್ದಾರೆ ಎಂದುಕೊಂಡಳು ಮರ್ಲಿನ್.

“ಅಂಗಡಿಯವ್ರು ನಾಳೆವರೆಗೂ ಬದಲಾಯಿಸಿ ಕೊಡ್ತಾರಂತೆ. ಚರ್ಚಲ್ಲಿ ಪೂಜೆ ಮುಗೀಲಿ, ಅಜ್ಜೀನೇ ಕೇಳೋಣ,” ಎಂದರು ಅಮ್ಮ.

ಅಂದು ಭಾನುವಾರದ ಪೂಜೆಯಲ್ಲಿ ಪ್ರಾರ್ಥನೆಗಳನ್ನು ಓದುವ ಸರದಿ ಮರ್ಲಿನ್‌ಳದು. ಮೈಕಿನ ಮುಂದೆ ನಿಂತು ಅವಳು ಹಾಳೆ ಬಿಡಿಸಿದಳು. ಮೂರನೇ ಬೆಂಚಿನಲ್ಲಿ ಅಜ್ಜಿ ಕಂಡರು. ಮಿಷನ್ ಹಾಕಿಕೊಂಡಿದ್ದಾರೋ ಇಲ್ಲವೋ, ಸೆರಗಿನ ಮರೆಯಲ್ಲಿ ಗೊತ್ತಾಗಲಿಲ್ಲ.

ಮೊದಲ ಪ್ರಾರ್ಥನೆ ಓದಿದಳು. “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ,” ಎಂದರು ಎಲ್ಲರೂ. ಎಲ್ಲರೂ ಮುಗಿಸಿದ ಮೇಲೆ “ಆಲಿಸಿರಿ” ಎಂದು ಅಜ್ಜಿಯ ದನಿ ಒಂದೇ ಕೇಳಿಸಿತು. ಯಾವಾಗಲೂ ಹೀಗೆಯೇ. ಪಕ್ಕದವರ ತುಟಿ ನೋಡಿಕೊಂಡು ಅಜ್ಜಿ ಹೇಳುತ್ತಿದ್ದರು. ಅಜ್ಜಿಯ ಪಕ್ಕದಲ್ಲಿ ಕೂತಿದ್ದ ಜೋಯಲ್ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದ.

ಆಗ ಅಜ್ಜಿ ಕೈ ಎತ್ತಿದರು. ಚರ್ಚಿನಲ್ಲಿ ಎಂದೂ ಸೆರಗು ಜಾರಲು ಬಿಡದ ಅಜ್ಜಿ, ಅದನ್ನು ಕಿವಿಯ ಹಿಂದಕ್ಕೆ ಸರಿಸಿ ಸಿಕ್ಕಿಸಿಕೊಂಡರು. ಮಿಷನ್ ಎಲ್ಲರಿಗೂ ಕಾಣುವಂತೆ ಹೊರಗೆ ಬಂತು.

ಮರ್ಲಿನ್ ಎರಡನೇ ಪ್ರಾರ್ಥನೆ ಓದಿದಳು. ಕೊನೆಯ ಮಾತು ಮುಗಿಯಿತೋ ಇಲ್ಲವೋ, “ಪ್ರಭುವೇ!” ಎಂದು ಎಲ್ಲರಿಗಿಂತ ಮೊದಲು ಅಜ್ಜಿಯ ದನಿ ಎದ್ದಿತು. ಉಳಿದವರು ಅವಸರವಾಗಿ ಜೊತೆಗೂಡಿದರು.

ಹೊರಗೆ ಬಂದಾಗ ಯಾರೋ ಅಜ್ಜಿಯನ್ನು ಕೇಳಿದರು, “ಅಂತೋಣಿಯಮ್ಮ, ಕಿವೀಲೇನ್ರೀ ಅದು?”

“ಕಿವಿ ಮಿಷನ್ನು ಕಣ್ರೀ. ನಮ್ ಮರ್ಲಿನ್ ಆರಿಸಿದ್ದು!”

ಅಮ್ಮ ಮೆಲ್ಲಗೆ, “ಅತ್ತೆ, ಇದಕ್ಕಿಂತ ಚಿಕ್ಕದು ಸಿಗುತ್ತಂತೆ. ಬದಲಾಯಿಸೋಣ್ವಾ?” ಎಂದರು.

“ಅಯ್ಯೋ ಬೇಡಮ್ಮ. ಅಷ್ಟು ಚಿಕ್ಕದಕ್ಕೆ ಬ್ಯಾಟರಿ ಹಾಕೋಕೆ ನನ್ ಕೈಲಿ ಎಲ್ಲಾಗುತ್ತೆ? ಸೆರಗು ತಾಗಿ ಪರಪರ ಅಂತಿತ್ತು, ಅಷ್ಟೇ. ಮಗು ಓದೋದು ಕೇಳ್ಬೇಕಿತ್ತಲ್ಲ, ಹಿಂದಕ್ಕೆ ತಳ್ಳಿಬುಟ್ಟೆ. ದೇವ್ರು ಬೈಯಲ್ಲ ಬುಡು.”

ನಜರ್‌ಬಾದಿನ ಮನೆಯ ಕಡೆ ಅಜ್ಜಿ ಮುಂದೆ ಮುಂದೆ ನಡೆದರು. ಹಿಂದಿದ್ದ ಮರ್ಲಿನ್, ಎಂದಿನಂತೆ ಕೂಗದೆ, ಮೆಲ್ಲಗೆ ಕರೆದಳು.

“ಅಜ್ಜೀ.”

“ಏನಮ್ಮಾ?” ಅಜ್ಜಿ ತಟ್ಟನೆ ತಿರುಗಿದರು.

ಮರ್ಲಿನ್ ಎರಡು ಹೆಜ್ಜೆ ಹಿಂದೆ ಸರಿದಳು. ಸುಮ್ಮನೆ, ಇನ್ನೂ ಮೆಲ್ಲಗೆ, ಇನ್ನೊಮ್ಮೆ ಕರೆದಳು.