ಹಸಿರು ದೀಪ ಹೇಳಿದ ಸುಳ್ಳು

ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ. ಆದರೂ ಪರದೆಯ ಮೇಲೆ ತಪ್ಪುಗಳು ಏರತೊಡಗಿದವು. ಒಂದು… ಮೂರು… ಏಳು…

ರಂಜಿನಿ ಪರದೆಯತ್ತ ಬಾಗಿದಳು.

ದಪ್ಪ ಗೋಡೆಯಾಚೆಯ ಕೋಣೆಯಲ್ಲಿ ಉಪಗ್ರಹಕ್ಕೆ ಹಾಕುವ ಕಂಪ್ಯೂಟರ್ ಚಿಪ್ಪಿದೆ. ಆಕಾಶಕ್ಕೆ ಹೋದಮೇಲೂ ಇಲ್ಲಿಂದಲೇ ಹೊಸ ಪ್ರೋಗ್ರಾಂ ತುಂಬಬಹುದಾದ ಜಾಣ ಚಿಪ್ಪು! ಆದರೆ ವಿಕಿರಣ ತಾಗಿದರೆ ಬರೆದದ್ದೇ ಕಲಸಿಹೋಗುತ್ತೆ; ಪರದೆ ಎಣಿಸೋದು ಆ ತಪ್ಪುಗಳನ್ನೇ. ಎಷ್ಟು ತಡೆಯುತ್ತೆ ಅಂತ ಪರೀಕ್ಷಿಸೋದು, ಹಾಸನದ ಆ ಪುಟ್ಟ ಕಂಪನಿಯಲ್ಲಿ ಇವಳ ಕೆಲಸ.

ವಿಕಿರಣ ಸೂಸುವ ಗುಳಿಗೆ ಸೀಸದ ಪೆಟ್ಟಿಗೆಯೊಳಗೆ ಭದ್ರವಾಗಿದೆ ಅಂತ ಹಸಿರು ದೀಪ ಉರಿಯುತ್ತಿತ್ತು. ಒಳಗೆ ವೈರು ಸಿಕ್ಕಿಸುತ್ತಿದ್ದವನು ಕೀರ್ತಿರಾಜ್, ಚಿಪ್ಪು ಮಾಡಿದವನು. ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕಾದ ವಿಕಿರಣದ ಅಲಾರಂ ಅವಳ ಮೇಜಿನ ಮೇಲೇ ಮರೆತಿದ್ದ, ಪುಣ್ಯಾತ್ಮ!

ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಅವನ ತಾಯಿ ಮಾರಮ್ಮ ಹರದನಹಳ್ಳಿಯಿಂದ ಬಾಗೂರಿನ ಇವಳ ಮನೆಗೆ ಬಂದು ಹೆಣ್ಣು ಕೇಳಿದ ವಾರವೇ ಅವಳು ಆ ಚಿಪ್ಪನ್ನ ಫೇಲ್ ಮಾಡಿದ್ದಳು; ಇವತ್ತು ಮರುಪರೀಕ್ಷೆ. ಮನಸ್ಸು ಹೂಂ ಅಂದಿತ್ತು. ಹೂಂ ಅಂದ್ಮೇಲೆ ನಾಳೆ ಇದನ್ನ ಪಾಸ್ ಮಾಡಿದ್ರೆ ಜನ ನಂಬ್ತಾರಾ? ಅಂತ ಬಾಯಿ ಬಿಡಲಿಲ್ಲ. ಅವನು ಅದನ್ನೇ 'ಒಲ್ಲೆ' ಅಂದುಕೊಂಡ.

ಹದಿನೈದು… ಇಪ್ಪತ್ತೆರಡು…

ಸ್ಪೀಕರಿನಲ್ಲಿ ಅವನು ಹಾಯಾಗಿ ಏನೋ ಗುನುಗುತ್ತಿದ್ದ. ಕಣ್ಣಿಗೆ ಕಾಣದ, ಸದ್ದಿಲ್ಲದ, ವಾಸನೆಯಿಲ್ಲದ ಯಾವುದೋ ಅವನ ಮಗ್ಗುಲಲ್ಲೇ ನಿಂತಿತ್ತು.

"ಕೀರ್ತಿರಾಜ್, ಆಚೆ ಬನ್ನಿ!"

"ಯಾಕ್ರೀ? ನನ್ ಚಿಪ್ಪು ಮತ್ತೆ ಕೈಕೊಡ್ತಾ? ಖುಷಿಯಾಯ್ತಾ?"

ಮತ್ತೆ ಗುನುಗು!

"ಲೇ ಕೀರ್ತಿ! ನಿನ್ ದಮ್ಮಯ್ಯ ಅಂತೀನಿ ಕಣೋ, ಬಂದ್ಬುಡೋ!"

ಅವಳ ಬಾಯಲ್ಲಿ ಎಂದೂ ಕೇಳದ ಏಕವಚನ. ಗುನುಗು ನಿಂತಿತು. ಅವನು ಹೊರಗೋಡಿ ಬಂದ. ಅವಳು ಬಾಗಿಲ ಸಂದಿಗೆ ಹಿಡಿದ ಅಲಾರಂ ಕಿಟಾರನೆ ಕಿರುಚಿತು! ಬೆಳಿಗ್ಗೆ ಬೇರೊಂದು ಪರೀಕ್ಷೆಗೆ ಮೇಲೆತ್ತಿದ್ದ ಗುಳಿಗೆ ಮತ್ತೆ ಪೆಟ್ಟಿಗೆಗೆ ಇಳಿಯದೆ ಸಿಕ್ಕಿಕೊಂಡಿತ್ತು.

ಹಸಿರು ದೀಪ ಮಾತ್ರ ಏನೂ ಆಗದಂತೆ ಉರಿಯುತ್ತಲೇ ಇತ್ತು.

ಸಂಜೆ, ಬೇಗ ಹೊರಬಂದದ್ದಕ್ಕೆ ಬಚಾವಾದಿರಿ ಅಂದರು ಡಾಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೇ ಕೂತರು.

"ದೀಪ ಹಸಿರಿತ್ತು. ಹೆಂಗೆ ಗೊತ್ತಾಯ್ತು?"

"ನಿಮ್ಮ ಕೆಲಸ ನೋಡಿದೀನಿ. ವಿಕಿರಣ ತಾಗ್ದೆ ನಿಮ್ಮ ಚಿಪ್ಪು ಸುಮ್‌ಸುಮ್ನೆ ತಪ್ಪಲ್ಲ."

"ಹಂಗಾದ್ರೆ ಪಾಸಾ?"

"ಫೇಲೇ ಕಣ್ರೀ… ಒಂದೂ ತಪ್ಪು ತೋರಿಸ್ದೆ ಪಾಸಾಗಿದ್ದಿದ್ರೆ ನೀವಿವತ್ತು ಅಲ್ಲೇ…" ಅಳು ಒತ್ತರಿಸಿ ಬಂತು. ಅವನು ಕೈ ಹಿಡಿದುಕೊಂಡ.

"ಅಳಬೇಡಿ. ಇನ್ನೊಂದು ಮಾಡ್ತೀನಿ."

"ಮಾಡಿ. ಆದ್ರೆ ಪರೀಕ್ಷೆ ಬೇರೆಯವರು ಮಾಡ್ಲಿ. ಗಂಡನ ಚಿಪ್ಪಿಗೆ ಹೆಂಡ್ತಿ ಮಾರ್ಕ್ಸ್ ಹಾಕ್ಬಾರ್ದು."

"ಏ… ಏನಂದ್ರಿ?"

"ಕಿವಿಗೂ ವಿಕಿರಣ ತಾಗ್ತಾ? ನಿಮ್ಮಮ್ಮನ್ನ ಬಾಗೂರಿಗೆ ಇನ್ನೊಂದ್ಸಲ ಕಳ್ಸಿ ಅಂದೆ."